ಅಜ್ಜಿಯ ಹೆಬ್ಬೆಟ್ಟು, ಅಡ್ಮಿನ್ನನ ಫೋನು

ನಮ್ಮಜ್ಜಿಯ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಉಳಿದಿಲ್ಲ. ಹೊಳಲ್ಕೆರೆ ಕಡೆಯ ತೋಟಗಳಲ್ಲಿ ಐವತ್ತು ವರ್ಷ ಅಡಿಕೆ ಸುಲಿದ ಕೈ ಅದು. ಚೊಗರು ಹತ್ತಿ ಕಪ್ಪಾಗಿ, ಕತ್ತಿ ತಾಗಿ ಸವೆದು, ಬೆರಳ ತುದಿ ಈಗ ಹೊಳೆಕಲ್ಲಿನ ಹಾಗೆ ನುಣ್ಣಗಿದೆ. ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಗೆ ಹೋಗಿ ಆ ಪುಟ್ಟ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ. ಬರಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಬರಲ್ಲ. ತೋರುಬೆರಳು, ನಡುಬೆರಳು, ಎಡಗೈ, ಹೀಗೆ ಹತ್ತೂ ಬೆರಳಿನ ಮೆರವಣಿಗೆ ಮುಗಿಯುವ ಹೊತ್ತಿಗೆ ಯಾವುದೋ ಒಂದನ್ನು ಯಂತ್ರ ಒಪ್ಪಿಕೊಳ್ಳುತ್ತೆ. ಆಮೇಲೆ ಅಕ್ಕಿ.

ಕಳೆದ ಸಲ ಊರಿಗೆ ಹೋದಾಗ ನಾನೂ ಜೊತೆಗಿದ್ದೆ. ತಡೆಯಲಾರದೆ, "ಅಣ್ಣ, ಈ ಮೆಷೀನು ಹಳೇದಾಗಿದೆ. ನನ್ನ ಹತ್ರ ಇನ್ನೊಂದು ಒಳ್ಳೇದಿದೆ, ತಂದು ಕೊಡ್ಲಾ?" ಅಂದೆ. ಅಂಗಡಿಯವರು ನಕ್ಕುಬಿಟ್ಟರು. "ನಿಮ್ದು ತಗೊಂಡು ಏನ್ ಮಾಡ್ಲಿ ಸಾರ್? ಇದು ರಿಜಿಸ್ಟರ್ ಆಗಿರೋದು. ಬೇರೇದು ಚುಚ್ಚಿದ್ರೆ ಸಾಫ್ಟ್‌ವೇರು ಮೂಸಿ ಕೂಡ ನೋಡಲ್ಲ."

ಅವರು ಹೇಳಿದ್ದು ನಿಜ. 2017ರ ಸುಮಾರಿಗೆ ಆಧಾರ್ ದೃಢೀಕರಣಕ್ಕೆ ನೋಂದಾಯಿತ ಯಂತ್ರವೇ ಆಗಬೇಕು ಅಂತ ಕಡ್ಡಾಯ ಮಾಡಿದರು. ಪ್ರತಿ ಯಂತ್ರಕ್ಕೂ ತನ್ನದೇ ಗುರುತು, ತನ್ನದೇ ಗುಪ್ತ ಕೀಲಿ. ಬೆರಳಚ್ಚು ಅಲ್ಲೇ ಬೀಗ ಹಾಕಿಸಿಕೊಂಡು, ಆ ಯಂತ್ರದ ಸಹಿ ಹೊತ್ತು ಹೊರಡುತ್ತೆ. ಅಂದರೆ ಅಜ್ಜಿ ಅಜ್ಜಿಯೇ ಹೌದಾ ಅನ್ನೋದು ಒಂದು ಪ್ರಶ್ನೆ. ಅಜ್ಜಿ ಯಾವ ಯಂತ್ರದ ಮೇಲೆ ಬೆರಳಿಟ್ಟಳು ಅನ್ನೋದು ಇನ್ನೊಂದು ಪ್ರಶ್ನೆ. ಎರಡಕ್ಕೂ ಉತ್ತರ ಸರಿ ಇದ್ದರೆ ಮಾತ್ರ ಅಕ್ಕಿ.

ನಿಮ್ಮ ಕಥೆಯೂ ಬೇರೆ ಅಲ್ಲ. ಹೊಸ ಫೋನ್ ತಗೊಂಡ ದಿನ ಯುಪಿಐ ಆ್ಯಪು ನಿಮ್ಮನ್ನು ಗುರುತೇ ಹಿಡಿಯಲ್ಲ. ಅದೇ ನಂಬರು, ಅದೇ ನೀವು. ಆದರೂ ಆ ಸಿಮ್ಮಿನಿಂದಲೇ ಮೆಸೇಜು ಹೋಗಬೇಕು, ಆ ಫೋನೇ ಬ್ಯಾಂಕಿನ ಲೆಕ್ಕಕ್ಕೆ ಹತ್ತಬೇಕು. ಎರಡು ಇಡ್ಲಿಯ ದುಡ್ಡು ಕೊಡೋಕೂ ಫೋನಿನ ಗುರುತು ಬೇಕು. ಬೈದುಕೊಂಡಾದರೂ ಮಾಡ್ತೀವಿ, ಒಳ್ಳೇದಕ್ಕೇ ಅಂತ ಗೊತ್ತು.

ಈಗ ನನ್ನ ಸಿಟ್ಟಿಗೆ ಬರ್ತೀನಿ. ಐದೋ ಹತ್ತೋ ಕೆ.ಜಿ. ಅಕ್ಕಿ ತಗೊಳ್ಳೋ ಅಜ್ಜಿಗೆ ನೋಂದಾಯಿತ ಯಂತ್ರ ಬೇಕು. ಎರಡು ಇಡ್ಲಿಗೆ ನೋಂದಾಯಿತ ಫೋನು ಬೇಕು. ಆದರೆ ಒಂದು ಇಡೀ ಸೊಸೈಟಿಯ, ಕಾಲೇಜಿನ, ಆಸ್ಪತ್ರೆಯ ದಾಖಲೆಯನ್ನೆಲ್ಲ ಒಂದು ಕ್ಲಿಕ್ಕಿನಲ್ಲಿ ಬದಲಾಯಿಸಬಲ್ಲ ಅಡ್ಮಿನ್ ಮಹಾಶಯ ಮಾತ್ರ ಎಲ್ಲಿಂದ ಬೇಕಾದರೂ, ಯಾವ ಮೆಷೀನಿನಿಂದ ಬೇಕಾದರೂ ಒಳಗೆ ಬರಬಹುದು! ಟೀ ಅಂಗಡಿಯ ಬೆಂಚಿನಿಂದ, ಮದುವೆ ಛತ್ರದ ವೈಫೈನಿಂದ, ಮಗಳು ಗೇಮ್ ಆಡೋ ಲ್ಯಾಪ್‌ಟಾಪಿನಿಂದ. ಕೇಳಿದರೆ "ಪಾಸ್‌ವರ್ಡ್ ಇದೆಯಲ್ಲಾ" ಅಂತಾರೆ. ಇನ್ನೂ ಸ್ವಲ್ಪ ಓದಿಕೊಂಡವರಾದರೆ "ಒಟಿಪಿ ಕೂಡ ಇದೆಯಲ್ಲಾ."

ನಮ್ಮ ಜಿಲ್ಲೆಯದೇ ಒಂದು ಸೊಸೈಟಿ. ಊರು ಹೇಳಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವುದನ್ನು ಬೇಕಾದರೂ ಊಹಿಸಿಕೊಳ್ಳಿ. ಎಲ್ಲಿ ಬೇಕಾದರೂ ನಡೆಯಬಹುದಾದ ಕಥೆ. ಸಂಬಂಧಿಕರೊಬ್ಬರು ಫೋನ್ ಮಾಡಿ, "ಬೆಂಗಳೂರಲ್ಲಿ ಸರ್ವರ್ ಕೆಲಸ ಮಾಡ್ತೀಯಲ್ಲಪ್ಪ, ಒಂಚೂರು ಬಂದು ನೋಡು" ಅಂದರು. ಹೋದೆ. ಕೆಲವು ಸಾಲದ ಖಾತೆಗಳಲ್ಲಿ ಬಡ್ಡಿ ಮಾಯವಾಗಿತ್ತು. ಕಟ್ಟಿದ್ದಲ್ಲ, ಮನ್ನಾ ಆಗಿದ್ದೂ ಅಲ್ಲ, ಒರೆಸಿ ಹೋಗಿತ್ತು. ಲಾಗ್ ತೆಗೆದು ನೋಡಿದರೆ ರಾತ್ರಿ ಹನ್ನೊಂದು ಗಂಟೆ ಹತ್ತಿರದ ಸಮಯ, ಮುಂದೆ ಒಂದೇ ಪದ: ಅಡ್ಮಿನ್.

ಯಾರು ಅಡ್ಮಿನ್? ಆ ಪಾಸ್‌ವರ್ಡು ಸೆಕ್ರೆಟರಿಗೆ ಗೊತ್ತು. ಅಧ್ಯಕ್ಷರಿಗೆ ಗೊತ್ತು, ಅಧ್ಯಕ್ಷರಿಗೆ ಟೈಪ್ ಮಾಡೋಕೆ ಬರಲ್ಲವಾದ್ದರಿಂದ ಅವರ ಮಗನಿಗೂ ಗೊತ್ತು. ಸಾಫ್ಟ್‌ವೇರ್ ಕೊಟ್ಟ ವೆಂಡರಿಗೆ ಗೊತ್ತು. ವೆಂಡರ್ ಬಿಟ್ಟು ಬೇರೆ ಕಡೆ ಸೇರಿದ ಹುಡುಗನಿಗೆ ಗೊತ್ತು. ಇಬ್ಬರು ಗುಮಾಸ್ತರಿಗೆ ಗೊತ್ತು. ಯಾವ ಮೆಷೀನಿನಿಂದ ಬಂದರು? ಸಾಫ್ಟ್‌ವೇರು ಅದನ್ನು ಬರೆದಿಟ್ಟುಕೊಂಡೇ ಇಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ರಿಮೋಟ್ ಆ್ಯಪ್ ಒಂದು ಹಗಲು ರಾತ್ರಿ ತೆರೆದೇ ಇತ್ತು, "ವೆಂಡರ್‌ಗೆ ಅನುಕೂಲ ಆಗ್ಲಿ ಅಂತ."

ಏಳು ಜನರಿಗೆ ಗೊತ್ತಿರೋ ಪಾಸ್‌ವರ್ಡು, ಎಲ್ಲಿಂದ ಬೇಕಾದರೂ ತೆರೆಯೋ ಬಾಗಿಲು. ಇನ್ನು ತಪ್ಪು ಯಾರ ತಲೆಗೆ ಬೀಳುತ್ತೆ? ನಿಮಗೂ ಗೊತ್ತಿರುತ್ತೆ. ಗುಮಾಸ್ತರಲ್ಲಿ ಒಬ್ಬಾಕೆ ಇದ್ದರು, ಬಿ.ಕಾಂ. ಓದಿದ್ದು, ಕಂಪ್ಯೂಟರ್ ಚೆನ್ನಾಗಿ ಬರೋದು ಅವರಿಗೊಬ್ಬರಿಗೇ. "ಇದನ್ನೆಲ್ಲ ಮಾಡೋಕೆ ಬರೋದು ಅವಳಿಗೆ ತಾನೇ?" ಅಂತ ಒಬ್ಬರು ಅಂದರು, ಉಳಿದವರು ತಲೆ ಆಡಿಸಿದರು. ಆಕೆ ನಾಲ್ಕು ತಿಂಗಳು ಮನೆಯಲ್ಲಿ ಕೂತರು. ರಾತ್ರಿ ಹನ್ನೊಂದಕ್ಕೆ ನಾನು ನಿದ್ದೆ ಮಾಡ್ತಿದ್ದೆ ಅಂತ ಹೇಗೆ ಸಾಬೀತು ಮಾಡ್ತೀರಿ? ಹಳ್ಳಿಯಲ್ಲಿ, ಮದುವೆಯಾಗದ ಹೆಣ್ಣುಮಗಳ ಮೇಲೆ ಕಳ್ಳತನದ ಮಾತು ಬಂದರೆ ನಾಲ್ಕು ತಿಂಗಳು ಅಂದರೆ ಎಷ್ಟು ಉದ್ದ ಅಂತ ಬೆಂಗಳೂರಿನ ಎಚ್ಆರ್ ಪಾಲಿಸಿ ಓದಿದವರಿಗೆ ಹೇಳಿ ಅರ್ಥ ಮಾಡಿಸೋದು ಕಷ್ಟ. ಕೊನೆಗೆ ಏನೂ ಸಿಗಲಿಲ್ಲ ಅಂತ ವಾಪಸ್ ಕರೆದರು. ಮಾಡಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗೋ ದಾರಿಯೂ ಇಲ್ಲ.

ಸೆಕ್ಯುರಿಟಿ ಬಗ್ಗೆ ಮಾತಾಡುವಾಗ ನಾವು ಯಾವಾಗಲೂ ಕಳ್ಳನ ಬಗ್ಗೆಯೇ ಮಾತಾಡ್ತೀವಿ. ಆ ದಿನ ನನಗೆ ಹೊಳೆದದ್ದು ಬೇರೆ. ಅಡ್ಮಿನ್ ಲಾಗಿನ್ನು ಒಂದೇ ರೂಮಿನ ಒಂದೇ ಮೆಷೀನಿಗೆ ಕಟ್ಟಿದ್ದಿದ್ದರೆ, ಆ ರೂಮಿಗೆ ರಾತ್ರಿ ಎಂಟಕ್ಕೆ ಬೀಗ ಬಿದ್ದಿದ್ದರೆ, ಆಕೆ ಒಂದು ದಿನವೂ ಮನೆಯಲ್ಲಿ ಕೂರಬೇಕಿರಲಿಲ್ಲ. ಬೀಗದ ಕೈ ಯಾರ ಹತ್ತಿರ ಇತ್ತು ಅಂತ ಕೇಳಿದರೆ ಮುಗೀತಿತ್ತು. ಬಾಗಿಲು ಕಿರಿದಾದಷ್ಟೂ ನಿರಪರಾಧಿಗೆ ಕ್ಷೇಮ.

ಇದೇನು ನಾನು ಕಂಡುಹಿಡಿದದ್ದಲ್ಲ, ಯುನಿಕ್ಸಿನಷ್ಟೇ ಹಳೆಯ ಬುದ್ಧಿ. ಲಿನಕ್ಸ್ ಕೆಲಸ ಮಾಡಿದವರಿಗೆ ನೆನಪಿರಬಹುದು, ಸಿಸ್ಟಮ್ಮಿನ ಒಳಗೆ ಸೆಕ್ಯೂರ್‌ಟಿಟಿವೈ ಅಂತ ಒಂದು ಪುಟ್ಟ ಕಡತ ಇರ್ತಿತ್ತು. ಟಿಟಿವೈ ಅಂದರೆ ಟೆಲಿಟೈಪ್, ಟೈಪ್‌ರೈಟರಿನಂಥ ಹಳೆಯ ಯಂತ್ರ. ಆ ಕಾಲದಲ್ಲಿ ಟರ್ಮಿನಲ್ ಅಂದರೆ ನಿಜವಾಗಿಯೂ ಒಂದು ಜಾಗ. ಈ ರೂಮಿನಿಂದ ಆ ರೂಮಿಗೆ ಎಳೆದ ಒಂದು ವೈರಿನ ತುದಿ. ಆ ಕಡತದಲ್ಲಿ ಯಾವ ಟರ್ಮಿನಲ್ಲಿನ ಹೆಸರು ಇರುತ್ತೋ ಅಲ್ಲಿಂದ ಮಾತ್ರ ರೂಟ್, ಅಂದರೆ ಸರ್ವಾಧಿಕಾರಿ, ನೇರವಾಗಿ ಲಾಗಿನ್ ಆಗಬಹುದು. ಪಾಸ್‌ವರ್ಡ್ ಸರಿಯಿದ್ದರೂ ಬೇರೆ ಕಡೆಯಿಂದ ಬಂದರೆ ಬಾಗಿಲು ಹಾಕಿಯೇ ಇರುತ್ತೆ. ಬಿಎಸ್‌ಡಿ ಯುನಿಕ್ಸಿನಲ್ಲಿ ಇದೇ ಕೆಲಸಕ್ಕೆ ಒಂದೊಂದು ಟರ್ಮಿನಲ್ಲಿನ ಸಾಲಿನಲ್ಲೂ "ಸೆಕ್ಯೂರ್" ಅಂತ ಒಂದು ಪದ ಬರೀತಾರೆ. ಅದನ್ನು ಬದಲಾಯಿಸಿ ಮುಖ್ಯ ಕನ್ಸೋಲನ್ನೇ ಅಸುರಕ್ಷಿತ ಅಂತ ಬರೆದರೆ, ರಿಪೇರಿಗೆ ಅಂತ ಸಿಂಗಲ್ ಯೂಸರ್ ಮೋಡಿನಲ್ಲಿ ಎಬ್ಬಿಸಿದಾಗಲೂ ರೂಟ್ ಪಾಸ್‌ವರ್ಡ್ ಕೇಳುತ್ತೆ. ಮೆಷೀನ್ ಮುಂದೆ ಕೂತವನನ್ನೂ ನಂಬಬೇಡ ಅಂತ.

ಇದರ ಅಸಲಿ ಜಾಣತನ ಇರೋದು ಇನ್ನೊಂದು ಕಡೆ. ದೂರದಿಂದ ಬರುವ ಅಡ್ಮಿನ್ನನನ್ನು ಪೂರ್ತಿ ಹೊರಗೇ ಇಡೋದು ಇದರ ಉದ್ದೇಶ ಆಗಿರಲಿಲ್ಲ. ಮೊದಲು ನಿನ್ನ ಸ್ವಂತ ಹೆಸರಿನಲ್ಲಿ ಒಳಗೆ ಬಾ, ಆಮೇಲೆ ಸರ್ವಾಧಿಕಾರದ ಅಂಗಿ ಹಾಕ್ಕೋ ಅಂತ ಹೇಳೋದು. ಆಗ ಲಾಗಿನಲ್ಲಿ ಬರೀ "ಅಡ್ಮಿನ್" ಅಂತ ಬೀಳಲ್ಲ. ಇಂಥ ಹೆಸರಿನವರು, ಇಂಥ ಹೊತ್ತಿಗೆ, ಇಲ್ಲಿಂದ ಬಂದು ಅಡ್ಮಿನ್ ಆದರು ಅಂತ ಬೀಳುತ್ತೆ. ಆ ಸೊಸೈಟಿಯ ಲಾಗಿನಲ್ಲಿ ಇಲ್ಲದೇ ಹೋದದ್ದು ಇದೇ ಒಂದು ಸಾಲು.

ನೆಟ್‌ವರ್ಕು ಬಂತು, ಟರ್ಮಿನಲ್ ಅನ್ನೋದು ಜಾಗವಾಗಿ ಉಳಿಯಲಿಲ್ಲ, ಪರದೆಯ ಮೇಲಿನ ಒಂದು ಕಿಟಕಿ ಆಯ್ತು. ಡೆಬಿಯನ್‌ನಂಥ ಲಿನಕ್ಸುಗಳು ಆ ಹಳೆಯ ಕಡತವನ್ನು ಕೈಬಿಟ್ಟವು. ತಕರಾರಿಲ್ಲ. ಕಡತ ಹೋಗಲಿ, ಆದರೆ ಅದರ ಹಿಂದಿದ್ದ ಪ್ರಶ್ನೆ ಹೋಗಬೇಕಾಗಿರಲಿಲ್ಲವಲ್ಲ: ನೀನು ಯಾರು ಅಂತ ಗೊತ್ತಾಯ್ತು, ಎಲ್ಲಿ ಕೂತಿದ್ದೀಯ?

ಈ ಪ್ರಶ್ನೆ ನಮ್ಮ ಹಳ್ಳಿಯವರಿಗೆ ಹೊಸದಲ್ಲ. ಭೀಮಸಮುದ್ರದಂಥ ಕೆರೆ ಇರುವ ಕಡೆ ಹಿರಿಯರನ್ನು ಕೇಳಿ, ನೀರುಗಂಟಿ ಅಂತ ಒಬ್ಬ ಇರ್ತಿದ್ದ. ಕೆರೆಯ ತೂಬು ಎತ್ತೋ ಹಕ್ಕು ಅವನಿಗೆ. ಊರ ಗೌಡನಾದರೂ ಹೋಗಿ ತೂಬು ಮುಟ್ಟುವ ಹಾಗಿಲ್ಲ. ಇನ್ನೂ ಮುಖ್ಯವಾದದ್ದು, ನೀರುಗಂಟಿ ಕೂಡ ಮನೆಯಲ್ಲಿ ಮಲಗಿಕೊಂಡು ತೂಬು ಎತ್ತೋಕೆ ಆಗ್ತಿರಲಿಲ್ಲ. ಏರಿ ಮೇಲೆ ನಡೆದುಕೊಂಡು ಹೋಗಬೇಕು, ತೂಬಿನ ಹತ್ತಿರ ನಿಲ್ಲಬೇಕು, ಹೋಗುವಾಗ ನಾಲ್ಕು ಜನ ನೋಡಬೇಕು. "ಯಾಕಪ್ಪ ಈ ಹೊತ್ತಲ್ಲಿ ಕೆರೆ ಕಡೆ ಹೊರಟೆ?" ಅಂತ ಒಬ್ಬರಾದರೂ ಕೇಳಬೇಕು. ಆ ಕೇಳೋದೇ ಅವತ್ತಿನ ಆಡಿಟ್. ನಾವು ತೂಬಿಗೆ ಮೋಟರ್ ಹಾಕಿ, ಮೋಟರಿಗೆ ಆ್ಯಪ್ ಹಾಕಿ, ಆ್ಯಪನ್ನು ಏಳು ಜನರ ಫೋನಿಗೆ ಹಾಕಿಕೊಟ್ಟು, ಕೆರೆ ಬರಿದಾದ ಮೇಲೆ ನೀರುಗಂಟಿಯನ್ನು ಹಿಡಿದು ಬಡೀತಿದ್ದೀವಿ.

ಸರ್ಕಾರಕ್ಕೆ ಇದು ತಿಳಿದಿರಲಿಲ್ಲವೇ? ತಿಳಿದಿತ್ತು. ನಮ್ಮ ರಾಜ್ಯದ್ದೇ ಭೂಮಿ ಯೋಜನೆ ನೋಡಿ. 2000ದ ಆಸುಪಾಸಿನಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ಮಾಡಿಸಿದ್ದು. ಅಲ್ಲಿಯವರೆಗೆ ಪಹಣಿ ಅಂದರೆ ಗ್ರಾಮಲೆಕ್ಕಿಗರ ಕೈಬರಹ. ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರು, ಅವರ ಚೀಲದಲ್ಲಿ ನಮ್ಮ ಅಪ್ಪಂದಿರ ಜಮೀನು. ಎರಡು ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ. ಗುಮಾಸ್ತರ ಪರದೆಯಲ್ಲಿ ಕಾಣೋದೇ ರೈತರಿಗೂ ಕಾಣಲಿ ಅಂತ ಇನ್ನೊಂದು ಪರದೆಯನ್ನು ಈಚೆ ಕಡೆ ತಿರುಗಿಸಿ ಇಟ್ಟಿದ್ದರು.

ಜನ ನೆನಪಿಟ್ಟುಕೊಂಡದ್ದು ಆ ಕಿಟಕಿಯನ್ನು. ನನಗೆ ಮುಖ್ಯ ಅನ್ನಿಸೋದು ಕಿಟಕಿಯ ಒಳಗಡೆ ಇದ್ದದ್ದು. ದಾಖಲೆ ತಿದ್ದುವ ಸಿಬ್ಬಂದಿ ಬರೀ ಪಾಸ್‌ವರ್ಡಿನಿಂದ ಒಳಗೆ ಹೋಗುವ ಹಾಗಿರಲಿಲ್ಲ, ಬೆರಳು ಒತ್ತಬೇಕಿತ್ತು. ಯೋಚನೆ ಮಾಡಿ, ಇಪ್ಪತ್ತು ವರ್ಷಕ್ಕೂ ಹಿಂದೆ, ನಮ್ಮ ಊರುಗಳಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗ್ತಿದ್ದ ಕಾಲದಲ್ಲಿ! ತಾಲ್ಲೂಕು ಕಚೇರಿಯ ಆ ರೂಮು, ಆ ಮೆಷೀನು, ಈ ಬೆರಳು. ಮೂರೂ ಸೇರಿದರೆ ಮಾತ್ರ ಒಬ್ಬ ರೈತನ ಜಮೀನಿನ ಮೇಲೆ ಇನ್ನೊಂದು ಹೆಸರು ಕೂರಬಹುದು. ಕೂತರೂ, ಕೂರಿಸಿದ್ದು ಯಾರು ಅಂತ ದಾಖಲೆ ಉಳಿಯುತ್ತೆ. "ನನ್ನ ಪಾಸ್‌ವರ್ಡ್ ಯಾರೋ ಕದ್ದಿದ್ರು ಸಾರ್" ಅನ್ನೋಕೆ ಜಾಗ ಇಲ್ಲ. ಭೂಮಿ ಬಂದ ಮೇಲೆ ಜಮೀನಿನ ಅಕ್ರಮವೇ ನಿಂತುಹೋಯ್ತು ಅಂತ ನಾನು ಹೇಳ್ತಿಲ್ಲ, ಹೇಳಿದರೆ ನಮ್ಮ ತಾಲ್ಲೂಕು ಕಚೇರಿ ಮುಂದಿನ ಹೋಟೆಲಿನವರೇ ನಗ್ತಾರೆ. ಆದರೆ ಅದನ್ನು ಕಟ್ಟಿದವರಿಗೆ ಯಾವ ಬಾಗಿಲಿಗೆ ಗಟ್ಟಿ ಅಗುಳಿ ಬೇಕು ಅಂತ ಗೊತ್ತಿತ್ತು. ಅವತ್ತು ತಾಲ್ಲೂಕು ಕಚೇರಿಗೆ ಆಗಿದ್ದು ಇವತ್ತು ಬೆಂಗಳೂರಿನ ಸ್ಟಾರ್ಟಪ್ಪುಗಳಿಗೆ ಯಾಕೆ ಆಗಲ್ಲ?

ಸ್ಟಾರ್ಟಪ್ ಅಂದೆ ನೋಡಿ, ಅಲ್ಲಿಂದ ಒಂದು ದೊಡ್ಡ ಆಕ್ಷೇಪಣೆ ಬರುತ್ತೆ. "ಗುರು, ಇದು ಜೀರೋ ಟ್ರಸ್ಟ್ ಕಾಲ. ಎಲ್ಲಿಂದ ಬಂದ್ರು ಅನ್ನೋದು ಮುಖ್ಯ ಅಲ್ಲ. ಗೂಗಲ್ಲೇ ಆಫೀಸ್ ನೆಟ್‌ವರ್ಕ್ ಅನ್ನೋ ಕಾನ್ಸೆಪ್ಟ್ ಬಿಟ್ಟಿದೆ." ಈ ಮಾತನ್ನು ನಾನು ಕನಿಷ್ಠ ಹತ್ತು ಮೀಟಿಂಗಿನಲ್ಲಿ ಕೇಳಿದ್ದೀನಿ. ಹೇಳಿದವರಲ್ಲಿ ಒಬ್ಬರೂ ಆ ಪ್ರಬಂಧ ಓದಿದ ಹಾಗೆ ಕಾಣಲಿಲ್ಲ. 2009ರ ದಾಳಿಯಿಂದ ಪಾಠ ಕಲಿತ ಗೂಗಲ್, ಬಿಯಾಂಡ್‌ಕಾರ್ಪ್ ಅನ್ನೋ ಹೆಸರಿನಲ್ಲಿ 2014ರಲ್ಲಿ ಬರೆದದ್ದು ಏನು? ಆಫೀಸಿನ ವೈಫೈಗೆ ಸೇರಿದ ಮಾತ್ರಕ್ಕೆ ಯಾರನ್ನೂ ನಂಬಬೇಡಿ ಅಂತ. ಸರಿ. ಅದರ ಜೊತೆಗೇ ಹೇಳಿದ್ದು: ಕಂಪನಿ ಕೊಟ್ಟ, ಕಂಪನಿಯ ಪಟ್ಟಿಯಲ್ಲಿರುವ, ಕಂಪನಿಯ ಸರ್ಟಿಫಿಕೇಟ್ ಹೊತ್ತ ಮೆಷೀನು ಮಾತ್ರ ಒಳಗೆ. ಅಂದರೆ ಗೋಡೆಯ ಮೇಲಿನ ನಂಬಿಕೆ ತೆಗೆದು ಮೆಷೀನಿನ ಮೇಲೆ ಇಟ್ಟರು. ನಾವು ಮೊದಲರ್ಧ ಓದಿ ಗೋಡೆ ಒಡೆದ್ವಿ, ಎರಡನೇ ಅರ್ಧ ಬರುವಷ್ಟರಲ್ಲಿ ಊಟಕ್ಕೆ ಎದ್ದು ಹೋದ್ವಿ.

ಒಟಿಪಿ ಇದೆಯಲ್ಲಾ ಅನ್ನೋರಿಗೆ ಲಾಸ್ಟ್‌ಪಾಸ್ ಕಥೆ. ಲೋಕದವರ ಪಾಸ್‌ವರ್ಡುಗಳನ್ನೆಲ್ಲ ಕಾಪಾಡುವುದೇ ಆ ಕಂಪನಿಯ ಕಸುಬು. ಅದರ ತಿಜೋರಿಯ ಕೀಲಿಗಳ ಹತ್ತಿರ ಹೋಗಬಲ್ಲವರು ನಾಲ್ಕೇ ನಾಲ್ಕು ಎಂಜಿನಿಯರುಗಳು. ನಾಲ್ಕೇ ಜನ! ನಮ್ಮ ಸೊಸೈಟಿಗಿಂತ ಎಷ್ಟೋ ಮೇಲು. 2022ರಲ್ಲಿ ದಾಳಿಕೋರರು ಆ ನಾಲ್ವರಲ್ಲಿ ಒಬ್ಬನನ್ನು ಹುಡುಕಿಕೊಂಡು ಅವನ ಮನೆಗೆ ಹೋದರು, ಅಂದರೆ ಮನೆಯ ಕಂಪ್ಯೂಟರಿಗೆ. ಅಲ್ಲಿ ಸಿನಿಮಾ ನೋಡೋಕೆ ಹಾಕಿಕೊಂಡಿದ್ದ ಒಂದು ಸಾಫ್ಟ್‌ವೇರು ಅಪ್‌ಡೇಟ್ ಆಗದೆ ಬಿದ್ದಿತ್ತು. ಅದರ ಮೂಲಕ ನುಗ್ಗಿ, ಅವನು ಒತ್ತಿದ ಪ್ರತಿ ಕೀಲಿಯನ್ನೂ ದಾಖಲಿಸೋ ಪ್ರೋಗ್ರಾಮು ಕೂರಿಸಿದರು. ಅವನು ಎರಡನೇ ಹಂತದ ಪರೀಕ್ಷೆಯನ್ನೂ ಸರಿಯಾಗಿ ಪಾಸು ಮಾಡಿ ಒಳಗೆ ಹೋದ. ಅವರು ಅವನ ಮಾಸ್ಟರ್ ಪಾಸ್‌ವರ್ಡ್ ಹಿಡಿದುಕೊಂಡು ಹಿಂದೆಯೇ ಹೋದರು. ಅಲ್ಲಿ ಒಟಿಪಿ ಸೋಲಲಿಲ್ಲ. ಅವನು ಕೂತಿದ್ದ ಜಾಗ ಸೋತಿತು.

"ಅದೆಲ್ಲ ಅಮೆರಿಕದ ದೊಡ್ಡ ಕಂಪನಿ. ಹಿರಿಯೂರಿನ ಒಂದು ಕಾಲೇಜಿಗೆ ಯಾವ ಹ್ಯಾಕರ್ ಬರ್ತಾನೆ ಬಿಡಿ." ಬರ್ತಾನಾ? ಅವನು ಬರಬೇಕಾಗೇ ಇಲ್ಲ ಸ್ವಾಮಿ. ಒಂದು ಹೊಸ ಸರ್ವರನ್ನು ಇಂಟರ್ನೆಟ್ಟಿಗೆ ತೆರೆದಿಟ್ಟು, ಒಂದು ಕಾಫಿ ಕುಡಿದು ಬಂದು ಲಾಗ್ ನೋಡಿ. ರೂಟ್, ಅಡ್ಮಿನ್, ಟೆಸ್ಟ್ ಅಂತ ಒಂದಾದ ಮೇಲೊಂದು ಹೆಸರು ಹಾಕಿ ಬಾಗಿಲು ಬಡಿಯೋಕೆ ಶುರು ಮಾಡಿರ್ತಾವೆ. ಬಡಿಯುತ್ತಿರೋದು ಮನುಷ್ಯರಲ್ಲ, ಪ್ರೋಗ್ರಾಮುಗಳು. ಅವಕ್ಕೆ ಹಿರಿಯೂರೂ ಒಂದೇ ಹ್ಯೂಸ್ಟನ್ನೂ ಒಂದೇ. ಓಪನ್ ಎಸ್‌ಎಸ್‌ಎಚ್‌ನವರು 2015ರಲ್ಲೇ ರೂಟ್‌ಗೆ ಬರೀ ಪಾಸ್‌ವರ್ಡಿನಿಂದ ಪ್ರವೇಶ ಇಲ್ಲ ಅಂತ ಮೂಲ ಸೆಟ್ಟಿಂಗನ್ನೇ ಬದಲಾಯಿಸಿದರು. ನಮ್ಮವರು ಇನ್‌ಸ್ಟಾಲ್ ಮಾಡಿದ ತಕ್ಷಣ ಮಾಡುವ ಮೊದಲ ಕೆಲಸ ಏನು ಗೊತ್ತಾ? ಅದನ್ನು ವಾಪಸ್ ಬದಲಾಯಿಸೋದು. "ಲಾಗಿನ್ ಆಗ್ತಿಲ್ಲ ಸಾರ್" ಅಂತ. ಇನ್ನು ನಮ್ಮ ರಾಜ್ಯಕ್ಕೆ ಯಾರು ಕನ್ನ ಹಾಕ್ತಾರೆ ಅನ್ನೋರು 2019 ನೆನಪು ಮಾಡಿಕೊಳ್ಳಲಿ. ಟೆಂಡರಿನವರು ಠೇವಣಿ ಇಟ್ಟಿದ್ದ ದುಡ್ಡಿನಲ್ಲಿ ಸುಮಾರು 11.5 ಕೋಟಿ ರೂಪಾಯಿ, ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಿಂದಲೇ ಹೊರಗೆ ಹೋಯ್ತು.

ದುರ್ಗದವನು ಇಷ್ಟು ಹೊತ್ತು ಬಾಗಿಲು, ಅಗುಳಿ ಅಂತ ಮಾತಾಡಿ ಓಬವ್ವನ ಹೆಸರು ಎತ್ತದೆ ಇದ್ದರೆ ಊರಿಗೆ ಸೇರಿಸಲ್ಲ. ಆದರೆ ನನಗೆ ಆ ಕಥೆಯಲ್ಲಿ ಕಾಡೋದು ಒನಕೆ ಅಲ್ಲ. ನಾಗರಹಾವು ಸಿನಿಮಾದಲ್ಲಿ ಜಯಂತಿ ಒನಕೆ ಹಿಡಿದು ನಿಂತದ್ದು ನಮ್ಮೆಲ್ಲರ ಕಣ್ಣಲ್ಲಿದೆ. ಅದಕ್ಕಿಂತ ಮುಂಚಿನದು ಮರೆತಿದ್ದೀವಿ. ಏಳು ಸುತ್ತಿನ ಕೋಟೆ, ಅಷ್ಟೊಂದು ಬಾಗಿಲು, ಬತೇರಿ, ಕಾವಲು. ಹೈದರಾಲಿಯ ದಂಡು ಕೆಳಗೆ ಕೂತು ಕೂತು ಬೇಸತ್ತಿದೆ. ಆಗ ಒಬ್ಬ ಹೆಂಗಸು ಬಂಡೆಗಳ ನಡುವಿನ ಸಂದಿಯೊಳಗೆ ತೂರಿ ಕೋಟೆಗೆ ಹೋದದ್ದು ಅವರ ಕಣ್ಣಿಗೆ ಬಿತ್ತಂತೆ. ಅಷ್ಟೇ. ಕೋಟೆ ಕಟ್ಟಿದವರು ಬಿಟ್ಟ ಬಾಗಿಲಲ್ಲ ಅದು; ಒಳಗಿನವರು ಸುತ್ತು ಉಳಿಸಿಕೊಳ್ಳೋಕೆ ಬಳಸುತ್ತಿದ್ದ ದಾರಿ. ಪಾಪ, ಆಕೆಯ ತಪ್ಪೇನೂ ಇಲ್ಲ, ಏಳು ಬಾಗಿಲು ಸುತ್ತಿ ಬರೋಕೆ ಯಾರಿಗೆ ಪುರುಸೊತ್ತಿರುತ್ತೆ? ಆದರೆ ಹೈದರಾಲಿಗೆ ಆ ದಾರಿ ತೋರಿಸಿಕೊಟ್ಟದ್ದು ಆ ಅನುಕೂಲವೇ. ನಮ್ಮ ಆಫೀಸಿನ ರಿಮೋಟ್ ಆ್ಯಪು ಇದೆಯಲ್ಲ, "ವೆಂಡರ್‌ಗೆ ಅನುಕೂಲ ಆಗ್ಲಿ ಅಂತ" ಬಿಟ್ಟದ್ದು, ಅದೇ ಕಿಂಡಿ.

ಓಬವ್ವ ಗೆದ್ದದ್ದು ಹೇಗೆ ಅನ್ನೋದನ್ನೂ ಗಮನಿಸಿ. ಕಿಂಡಿ ಒಂದೇ ಇತ್ತು, ಕಿರಿದಾಗಿತ್ತು, ಒಬ್ಬೊಬ್ಬರೇ ತಲೆ ತೂರಿಸಬೇಕಿತ್ತು. ಕಾವಲಿನ ಗಂಡ ಊಟಕ್ಕೆ ಕೂತಿದ್ದ. ನೀರಿಗೆ ಬಂದ ಹೆಂಗಸು, ಕೈಯಲ್ಲಿ ಒಂದು ಒನಕೆ. ಸಾಕಾಯ್ತು. ಅಂಥ ಕಿಂಡಿ ಇಪ್ಪತ್ತಿದ್ದಿದ್ದರೆ? ನಮ್ಮ ಸಣ್ಣ ಊರುಗಳ ಆಫೀಸುಗಳಲ್ಲಿ ಸೆಕ್ಯುರಿಟಿ ಟೀಮ್ ಇಲ್ಲ, ರಾತ್ರಿ ಎದ್ದಿರೋರು ಇಲ್ಲ, ಇರೋದು ಒಬ್ಬ ಕಂಪ್ಯೂಟರ್ ಆಪರೇಟರು, ಅವರಿಗೆ ಹೊರಗುತ್ತಿಗೆ ಸಂಬಳ. ಅಂಥ ಒಬ್ಬರಿಂದ ಕಾಯೋಕೆ ಆಗಬೇಕು ಅಂದರೆ ಬಾಗಿಲು ಒಂದೇ ಇರಬೇಕು.

ಹಾಗಂತ ನಂಬಿಕಸ್ತ ಮೆಷೀನು ಅಂತ ಒಂದು ಬೋರ್ಡು ಹಾಕಿದ ಮಾತ್ರಕ್ಕೆ ಆಗಲ್ಲ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಲ್ಲಿ ಅಂತಾರಾಷ್ಟ್ರೀಯ ಹಣ ವರ್ಗಾವಣೆಗೆ ಅಂತಲೇ ಬೇರೆ ರೂಮಿತ್ತು, ಬೇರೆ ಮೆಷೀನುಗಳಿದ್ದವು. ಆದರೆ ಆ ರೂಮಿನ ನೆಟ್‌ವರ್ಕನ್ನು ಉಳಿದ ಬ್ಯಾಂಕಿನಿಂದ ಸರಿಯಾಗಿ ಬೇರ್ಪಡಿಸಿರಲಿಲ್ಲ, ಅಗ್ಗದ ಸ್ವಿಚ್ಚುಗಳಿದ್ದವು, ಫೈರ್‌ವಾಲ್ ಇರಲಿಲ್ಲ ಅಂತ ತನಿಖೆ ಮಾಡಿದವರು ಹೇಳಿದರು. 2016ರ ಫೆಬ್ರವರಿಯಲ್ಲಿ ಆ ನಂಬಿಕಸ್ತ ಮೆಷೀನುಗಳಿಂದಲೇ ಸುಮಾರು 95 ಕೋಟಿ ಡಾಲರಿನ ಆದೇಶಗಳು ಹೊರಟವು, 8.1 ಕೋಟಿ ಡಾಲರು ಫಿಲಿಪ್ಪೀನ್ಸಿಗೆ ಹೋಗಿ ಸೇರಿತು. ಹಾಗಾಗಿ ಅಡ್ಮಿನ್ ಮೆಷೀನಿನಲ್ಲಿ ಮೇಲ್ ಬೇಡ, ಯೂಟ್ಯೂಬ್ ಬೇಡ, ಪೆನ್ ಡ್ರೈವ್ ಅಂತೂ ಬೇಡವೇ ಬೇಡ. ಅದು ದೇವರ ಕೋಣೆಯ ಹಾಗೆ, ಅಲ್ಲಿ ಊಟಕ್ಕೆ ಕೂರಲ್ಲ ನಾವು. ಒಳಗಿನವನೇ ಕೈಕೊಟ್ಟರೆ ಕಿಂಡಿ ಕಾದೂ ಉಪಯೋಗವಿಲ್ಲ, ಅದೂ ನಿಜ. 1779ರಲ್ಲಿ ದುರ್ಗ ಕೊನೆಗೂ ಬಿದ್ದದ್ದು ಒಳಗಿನವರ ದ್ರೋಹದಿಂದ ಅಂತಲೇ ನಮ್ಮ ಕಡೆ ಹೇಳ್ತಾರೆ. ಅದಕ್ಕೆ ಮದ್ದು ಬೇರೆ. ಜ್ವರದ ಮಾತ್ರೆಗೆ ಮುರಿದ ಕಾಲು ಸೇರಲ್ಲ ಅಂತ ಜ್ವರದ ಮಾತ್ರೆಯನ್ನೇ ಎಸೀತೀವಾ?

ಖರ್ಚಿನ ಮಾತು ಎತ್ತುವವರಿಗೆ: ಖರ್ಚಿಲ್ಲ. ಲಿನಕ್ಸ್ ಸರ್ವರಿನಲ್ಲಿ ಈ ಖಾತೆಗೆ ಈ ವಿಳಾಸದಿಂದ ಮಾತ್ರ ಪ್ರವೇಶ ಅಂತ ಒಂದು ಸಾಲು ಬರೆದರೆ ಆಯ್ತು. ವಿಂಡೋಸ್ ಡೊಮೇನಿನಲ್ಲಿ ಇಂಥ ಬಳಕೆದಾರ ಇಂಥ ಕಂಪ್ಯೂಟರುಗಳಿಗೆ ಮಾತ್ರ ಲಾಗಿನ್ ಆಗಬಹುದು ಅಂತ ಹಾಕೋಕೆ ಹಳೆಯ ಕಾಲದಿಂದಲೂ ಜಾಗ ಇದೆ. ಯಾರೂ ಆ ಬಟನ್ ಒತ್ತಲ್ಲ ಅಷ್ಟೇ. ಮೂಲೆಗೆ ಹಾಕಿದ ಒಂದು ಹಳೇ ಕಂಪ್ಯೂಟರನ್ನು ಒರೆಸಿ, ಹೊಸದಾಗಿ ಸಿಸ್ಟಮ್ ಹಾಕಿ, ಅಡ್ಮಿನ್ ಕೆಲಸಕ್ಕೆ ಮಾತ್ರ ಇಟ್ಟರೆ ಮುಗೀತು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ, ಅಡ್ಮಿನ್ ಹೊಸದುರ್ಗದಲ್ಲಿ ಮದುವೆಗೆ ಹೋಗಿದ್ದರೆ? ಅವರ ಹೆಸರಿಗೇ ಕೊಟ್ಟ, ಅವರ ಗುರುತು ಹೊತ್ತ ಒಂದೇ ಲ್ಯಾಪ್‌ಟಾಪು, ವಿಪಿಎನ್ ಮೂಲಕ. ಅದೂ ಕೆಟ್ಟರೆ ಬೀರುವಿನಲ್ಲಿ ಅರಗು ಹಾಕಿದ ಲಕೋಟೆ, ಒಡೆದರೆ ಇಬ್ಬರ ಸಹಿ. ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಮಾಡೋದನ್ನು ಪಾಸ್‌ವರ್ಡಿಗೆ ಮಾಡೋಕೆ ಏನು ಕಷ್ಟ?

ಕಷ್ಟ ಇರೋದು ಬೇರೆ ಕಡೆ. ಅಡ್ಮಿನ್ ಅನ್ನೋದು ನಮ್ಮಲ್ಲಿ ಕೆಲಸ ಅಲ್ಲ, ಪದವಿ. ಅದು ನನ್ನ ಫೋನಿನಲ್ಲಿ ಇಲ್ಲ ಅಂದರೆ ನನ್ನ ಕುರ್ಚಿಯ ಒಂದು ಕಾಲು ಕಿತ್ತ ಹಾಗೆ. ಬಾಸ್‌ಗಳಿಗೆ, ಅಧ್ಯಕ್ಷರಿಗೆ, ಸಿಇಒಗಳಿಗೆ ಅಡ್ಮಿನ್ ಬೇಕು. ಅದರಲ್ಲಿ ಏನು ಮಾಡಬೇಕು ಅಂತ ಅವರಿಗೆ ಗೊತ್ತಿಲ್ಲ, ಆದರೂ ಬೇಕು. ಬೇಡ ಸಾರ್ ಅಂತ ಹೇಳಬೇಕಾದ ನಾವು, ಈ ಕೆಲಸ ಬಲ್ಲವರು, ಅಪ್ರೈಸಲ್ ನೆನಪು ಮಾಡಿಕೊಂಡು ಸೆಟ್ ಮಾಡಿಕೊಡ್ತೀವಿ. ನಾನೂ ಮಾಡಿಕೊಟ್ಟಿದ್ದೀನಿ, ಒಂದಲ್ಲ ಎರಡು ಸಲ. ಆ ಗುಮಾಸ್ತೆಯ ಎದುರು ಕೂತು ಲಾಗ್ ನೋಡುವಾಗ ಅದು ನೆನಪಾಗಿ ತಲೆ ಎತ್ತೋಕೆ ಆಗಲಿಲ್ಲ.

ಆ ಸೊಸೈಟಿಯಲ್ಲಿ ಕೊನೆಗೆ ಒಂದು ಮೆಷೀನ್ ಇಡಿಸಿದೆ, ದಾಖಲೆ ರೂಮಿನಲ್ಲಿ. ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲೇ ಲಾಗಿನ್. ಅಡ್ಮಿನ್ ಕೆಲಸ ಅಲ್ಲಿ ಕೂತು ಮಾತ್ರ. ರಿಮೋಟ್ ಆ್ಯಪ್ ತೆಗೆದು ಹಾಕಿದೆ, ವೆಂಡರ್ ಬೇಕಾದರೆ ಫೋನ್ ಮಾಡಿ ಹೇಳಿಕೊಡಲಿ ಅಂದೆ. ಆಕೆಗೆ ಅಡ್ಮಿನ್ ಅಧಿಕಾರ ಕೊಡೋಕೆ ಹೋದರೆ "ನಂಗೆ ಬೇಡ ಅಣ್ಣ" ಅಂತ ಎದ್ದು ನಿಂತುಬಿಟ್ಟರು.

ಎರಡೇ ವಾರಕ್ಕೆ ಸೆಕ್ರೆಟರಿ ಫೋನ್ ಮಾಡಿದರು. "ಏನಪ್ಪಾ, ಹೊಸ ಫೋನ್ ತಗೊಂಡೆ. ಅದ್ರಲ್ಲಿ ಅಡ್ಮಿನ್ ಬರೋ ಹಾಗೆ ಮಾಡ್ಕೊಡು."

"ಆ ರೂಮಲ್ಲಿ ಇದೆಯಲ್ಲ ಸಾರ್ ಮೆಷೀನು."

"ಅಲ್ಲಿ ಕೂರೋಕೆ ಆಗುತ್ತೇನಪ್ಪ? ಏಪ್ರಿಲ್ ತಿಂಗಳ ಬಿಸಿಲು, ಒಂದು ಫ್ಯಾನಿಲ್ಲ."

ಫ್ಯಾನ್ ನಾನೇ ಕೊಡಿಸಿದೆ. 1,850 ರೂಪಾಯಿ. ಬಿಲ್ಲು ಇಟ್ಟುಕೊಂಡಿದ್ದೀನಿ.